ಅಮ್ಮನ ಕೈಗೆ ಕಟ್ಟಿದ ಬ್ಯಾಂಡ್‌ಗೆ ಏನು ಕಾಣುತ್ತದೆ?

ಪ್ರಶ್ನೆ: ನನ್ನ ತಾಯಿಗೆ 76 ವರ್ಷ. ಮನೆಯಲ್ಲಿ ಒಬ್ಬರೇ ಇರುತ್ತಾರೆ. ನಾನಿರುವುದು ಬೇರೆ ಊರಿನಲ್ಲಿ. ಎರಡು ವರ್ಷದಿಂದ ಅವರಿಗೆ ಮರೆವು ಜಾಸ್ತಿಯಾಗಿದೆ. ಒಮ್ಮೆ ಒಲೆ ಆರಿಸಲು ಮರೆತಿದ್ದರು, ಮಾತ್ರೆ ಎರಡೆರಡು ಸಲ ನುಂಗಿದ್ದೂ ಇದೆ. ಒಂದು ಕಂಪನಿಯವರು ಬಂದು ಮಣಿಕಟ್ಟಿಗೆ ಕಟ್ಟುವ ಬ್ಯಾಂಡ್ ಕೊಟ್ಟರು. ನಡೆಯುವುದು, ಕೂರುವುದು, ಅಡುಗೆ, ಊಟ, ಹಲ್ಲುಜ್ಜುವುದು ಅಂತ 20 ಕೆಲಸಗಳನ್ನು 98% ನಿಖರವಾಗಿ ಗುರುತಿಸುತ್ತದೆ ಅಂದರು. ಒಂದು ತಿಂಗಳು ನೋಡಿದೆವು. ಅಮ್ಮ ಬಿದ್ದಿದ್ದಾರೆ ಅಂತ 11 ಸಲ ಅಲಾರಂ ಬಂತು. ಒಂದೂ ನಿಜವಲ್ಲ. ನಿಜವಾಗಿ ಮಂಚದಿಂದ ಜಾರಿ ನೆಲಕ್ಕೆ ಕೂತ ದಿನ ಆ್ಯಪ್‌ನಲ್ಲಿ ‘ವಿಶ್ರಾಂತಿ’ ಅಂತ ತೋರಿಸುತ್ತಿತ್ತು. ವಾಕರ್ ಹಿಡಿದು ಮನೆಯೆಲ್ಲ ಓಡಾಡಿದರೂ ಹೆಜ್ಜೆ ಲೆಕ್ಕ ಏರುವುದಿಲ್ಲ. ಊಟ ಮಾಡಿದ ಮೇಲೂ ‘ಊಟ ಮಾಡಿಲ್ಲ’ ಅಂತ ಸಂದೇಶ. ಅಮ್ಮನಿಗೆ ಗಡಿಯಾರದ ಅಭ್ಯಾಸ, ಹಾಗಾಗಿ ಎಡಗೈಗೆ ಕಟ್ಟಿಕೊಳ್ಳುತ್ತಾರೆ. ಸ್ನಾನಕ್ಕೆ ಹೋಗುವಾಗ ಬಿಚ್ಚಿಡುತ್ತಾರೆ. ಕ್ಯಾಮೆರಾ ಹಾಕಿಬಿಡೋಣ ಅಂತಾನೆ ತಮ್ಮ. ಅಮ್ಮ ಸುತರಾಂ ಒಪ್ಪುತ್ತಿಲ್ಲ, ಈ ಬ್ಯಾಂಡೇ ನಮ್ಮ ಮಾತು ಕದ್ದು ಕೇಳುತ್ತಿದೆಯೇನೋ ಅನ್ನುವ ಅನುಮಾನ ಅವರಿಗೆ. ಬ್ಯಾಂಡ್ ಕೆಟ್ಟಿದೆಯಾ? ಬೇರೆ ತರಬೇಕಾ? ಅಥವಾ ಇದೆಲ್ಲ ಬರೀ ಮಾತಾ?

ಉತ್ತರ: ಬ್ಯಾಂಡ್ ಕೆಟ್ಟಿಲ್ಲ ಅಂತಲೇ ನನಗನಿಸುತ್ತದೆ. ಇಂಥ ಸೆನ್ಸರ್‌ಗಳನ್ನು ಮನೆಗಳಲ್ಲಿ ಕೂರಿಸಿ, ಅವು ಬರೆದಿಟ್ಟ ಡೇಟಾ ಓದುವುದೇ ನನ್ನ ಕೆಲಸ. ನೀವು ಬರೆದ ತೊಂದರೆಗಳೆಲ್ಲ ನನಗೆ ಹಳೇ ಪರಿಚಯ. ಹೊಸ ಮನೆಯಲ್ಲಿ ಮೊದಲ ತಿಂಗಳು ಹೆಚ್ಚುಕಡಿಮೆ ಇದೇ ಪಟ್ಟಿ ಬರುತ್ತದೆ. ಬೇರೆ ಬ್ಯಾಂಡ್ ತಂದರೆ ಪಟ್ಟಿ ಸ್ವಲ್ಪ ಚಿಕ್ಕದಾದೀತು, ಖಾಲಿಯಂತೂ ಆಗುವುದಿಲ್ಲ.

ಹಾಗಂತ ಇದು ಬರೀ ಮಾತೂ ಅಲ್ಲ. ಬ್ಯಾಂಡ್‌ಗೆ ಬರುವ ಕೆಲಸ ಒಂದು, ಮಾರಿದವರು ಹೇಳಿದ ಕೆಲಸ ಇನ್ನೊಂದು. ಎರಡರ ನಡುವೆ ನೀವು ಸಿಕ್ಕಿಕೊಂಡಿದ್ದೀರಿ ಅಷ್ಟೇ. ಅದಕ್ಕೆ ಏನು ಕಾಣುತ್ತದೆ ಅಂತ ಮೊದಲು ನೋಡೋಣ.

ಸಣ್ಣ ತೂಕ, ಸಣ್ಣ ಸ್ಪ್ರಿಂಗ್

ಬ್ಯಾಂಡ್ ಒಳಗಿರುವ ಮುಖ್ಯ ಸೆನ್ಸರ್ ಹೆಸರು ಅಕ್ಸೆಲೆರೊಮೀಟರ್. ಸಿಲಿಕಾನ್ ಚಿಪ್‌ನಲ್ಲಿ ಕೆತ್ತಿದ ಪುಟಾಣಿ ತೂಕವೊಂದು ಅಷ್ಟೇ ಪುಟಾಣಿ ಸ್ಪ್ರಿಂಗ್‌ಗಳಿಗೆ ತಗುಲಿಕೊಂಡಿರುತ್ತದೆ. ಬಸ್ ಥಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಕೈ ಅಲುಗಿದಾಗ ಆ ತೂಕವೂ ಹಾಗೇ ವಾಲುತ್ತದೆ. ಎಷ್ಟು ವಾಲಿತು ಅನ್ನುವುದನ್ನು ಚಿಪ್ ಮೂರು ದಿಕ್ಕಿನಲ್ಲಿ ಅಳೆಯುತ್ತದೆ. ಸೆಕೆಂಡಿಗೆ 50 ಸಲ ಅಳೆದರೆ 150 ಸಂಖ್ಯೆಗಳು. ಅದಕ್ಕೆ ಗೊತ್ತಿರುವುದು ಇಷ್ಟೇ. ಜೊತೆಗೆ ಗೈರೊಸ್ಕೋಪ್ ಇದ್ದರೆ ಕೈ ಎಷ್ಟು ವೇಗವಾಗಿ ತಿರುಗಿತು ಅನ್ನುವುದೂ ಸಿಗುತ್ತದೆ. ಆದರೆ ಅದು ಬ್ಯಾಟರಿ ಜಾಸ್ತಿ ತಿನ್ನುತ್ತದೆ, ಹಾಗಾಗಿ ಎಷ್ಟೋ ಬ್ಯಾಂಡ್‌ಗಳು ಅದನ್ನು ಸದಾ ಚಾಲೂ ಇಟ್ಟಿರುವುದಿಲ್ಲ.

ಕೈ ಅಲುಗಾಡದೇ ಇದ್ದರೂ ಆ ಸಂಖ್ಯೆ ಸೊನ್ನೆಯಾಗುವುದಿಲ್ಲ. ಭೂಮಿಯ ಸೆಳೆತ ಸದಾ ಇರುತ್ತದಲ್ಲ, ಅದರ ಅಳತೆಯನ್ನು 1 ಜಿ ಅನ್ನುತ್ತಾರೆ. ಅಂಗೈ ಕೆಳಗೆ ಮಾಡಿ ಕೈಯನ್ನು ಮೇಜಿನ ಮೇಲಿಡಿ. ಆ 1 ಜಿ ಪೂರ್ತಿ ಒಂದೇ ದಿಕ್ಕಿನಲ್ಲಿ ಕಾಣುತ್ತದೆ. ಈಗ ಹೆಬ್ಬೆರಳು ಮೇಲೆ ಬರುವ ಹಾಗೆ ಕೈಯನ್ನು ನಿಧಾನವಾಗಿ ಮಗ್ಗುಲಿಗೆ ತಿರುಗಿಸಿ. ಆ ದಿಕ್ಕಿನ ಸಂಖ್ಯೆ ಇಳಿಯುತ್ತಾ ಬರುತ್ತದೆ, ಪಕ್ಕದ ದಿಕ್ಕಿನದು ಏರುತ್ತಾ ಹೋಗುತ್ತದೆ. ಕೈ ಯಾವ ಕಡೆ ವಾಲಿದೆ ಅಂತ ಬ್ಯಾಂಡ್‌ಗೆ ಗೊತ್ತಾಗುವುದು ಹೀಗೆ.

ಈಗ ಅಮ್ಮ ಕುರ್ಚಿಯಲ್ಲಿ ಕೂತು ಕೈಯನ್ನು ತೊಡೆ ಮೇಲೆ ಇಟ್ಟುಕೊಂಡಿದ್ದಾರೆ ಅಂದುಕೊಳ್ಳಿ. ಆಮೇಲೆ ಎದ್ದು ನಿಂತು ಅದೇ ಕೈಯನ್ನು ಕಟ್ಟೆ ಮೇಲೆ ಇಡುತ್ತಾರೆ. ಬ್ಯಾಂಡ್ ಲೆಕ್ಕದಲ್ಲಿ ಎರಡೂ ಒಂದೇ. ಅಂಗೈ ಕೆಳಗಿದೆ, ಕೈ ಸುಮ್ಮನಿದೆ. ಮಂಚದ ಮೇಲೆ ಒರಗಿದ್ದರೂ ಅಷ್ಟೇ, ನೆಲದ ಮೇಲೆ ಕೂತು ಏಳಲಾಗದೆ ಒದ್ದಾಡಿ ಸುಸ್ತಾಗಿ ಸುಮ್ಮನಾಗಿದ್ದರೂ ಅಷ್ಟೇ. ನಿಮ್ಮ ಆ್ಯಪ್ ಆವತ್ತು ‘ವಿಶ್ರಾಂತಿ’ ಅಂದದ್ದು ಇದಕ್ಕೇ. ಕೈ ನಿಜವಾಗಿಯೂ ವಿಶ್ರಾಂತಿಯಲ್ಲಿತ್ತು!

ಇದೇ ಸೆನ್ಸರನ್ನು ತೊಡೆಗೆ ಕಟ್ಟಿದರೆ ಕಥೆಯೇ ಬೇರೆ. ನಿಂತಾಗ ತೊಡೆ ನೆಟ್ಟಗೆ, ಕೂತಾಗ ಅಡ್ಡ. 90 ಡಿಗ್ರಿ ವ್ಯತ್ಯಾಸ ಅಂದರೆ ಹಗಲು ರಾತ್ರಿಯಷ್ಟು ಸ್ಪಷ್ಟ. ಆದರೆ ತೊಡೆಗೆ ಪಟ್ಟಿ ಕಟ್ಟಿಕೊಂಡು ತಿಂಗಳುಗಟ್ಟಲೆ ಓಡಾಡುವವರು ಯಾರು? ಪ್ರಯೋಗಕ್ಕೆ ಬಂದವರು ಒಂದು ವಾರ ಕಟ್ಟಿಕೊಳ್ಳುತ್ತಾರೆ. ನಮ್ಮಮ್ಮನಿಗೆ ನಾನೇ ಕಟ್ಟಿ ನೋಡಿದ್ದೆ, ಸಂಜೆಯೊಳಗೆ ಕಿತ್ತು ಮೇಜಿನ ಮೇಲಿಟ್ಟಿದ್ದರು. 2004ರಲ್ಲಿ ಅಮೆರಿಕದ ಎಂಐಟಿಯ ಲಿಂಗ್ ಬಾವೊ ಮತ್ತು ಸ್ಟೀಫನ್ ಇಂಟಿಲ್ ಒಂದು ಅಧ್ಯಯನ ಪ್ರಕಟಿಸಿದರು. 20 ಜನರ ಮೈಮೇಲೆ ಐದೈದು ಸೆನ್ಸರ್ ಕಟ್ಟಿ, 20 ದೈನಂದಿನ ಕೆಲಸಗಳನ್ನು ಗುರುತಿಸಲು ಹೊರಟರು. ಒಟ್ಟಾರೆ 84% ಸರಿ ಬಂತು. ತೊಡೆ ಮತ್ತು ಮಣಿಕಟ್ಟು ಎರಡನ್ನೇ ಇಟ್ಟುಕೊಂಡರೂ ಫಲಿತಾಂಶ ಅಷ್ಟೇನೂ ಕುಸಿಯಲಿಲ್ಲ. ಎಲ್ಲಿ ಕಟ್ಟುತ್ತೀರಿ ಅನ್ನುವುದು ಎಷ್ಟು ಕಟ್ಟುತ್ತೀರಿ ಅನ್ನುವುದಕ್ಕಿಂತ ಮುಖ್ಯ ಅಂತ ಆವಾಗಲೇ ಗೊತ್ತಾಗಿತ್ತು. ಆದರೂ ಮಾರುಕಟ್ಟೆಗೆ ಬಂದದ್ದು ಮಣಿಕಟ್ಟಿನ ಬ್ಯಾಂಡ್, ಯಾಕೆಂದರೆ ಜನ ಒಪ್ಪಿ ಕಟ್ಟಿಕೊಳ್ಳುವುದು ಅದೊಂದನ್ನೇ.

98% ಎಲ್ಲಿಂದ ಬಂತು

ಮಾರಿದವರು ಸುಳ್ಳು ಹೇಳಿದ್ದಾರೆ ಅಂತ ನಾನು ಹೇಳುವುದಿಲ್ಲ. ಆ ಸಂಖ್ಯೆ ಎಲ್ಲೋ ಬಂದೇ ಇರುತ್ತದೆ. ನಿಮ್ಮ ಅಮ್ಮನ ಮನೆಯಲ್ಲಿ ಬಂದಿಲ್ಲ ಅಷ್ಟೇ.

ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಒಂದು ಡೇಟಾ ಸಂಗ್ರಹವಿದೆ. 30 ಜನ ಸ್ವಯಂಸೇವಕರು, ಸೊಂಟಕ್ಕೆ ಕಟ್ಟಿದ ಸ್ಮಾರ್ಟ್‌ಫೋನ್, ಆರು ಚಟುವಟಿಕೆ: ನಡೆಯುವುದು, ಮೆಟ್ಟಿಲು ಹತ್ತುವುದು, ಇಳಿಯುವುದು, ಕೂರುವುದು, ನಿಲ್ಲುವುದು, ಮಲಗುವುದು. ಇದರ ಮೇಲೆ 95 ದಾಟುವುದು ಈಗ ದೊಡ್ಡ ವಿಷಯವೇ ಅಲ್ಲ. ಆದರೆ ಆ ಸ್ವಯಂಸೇವಕರ ವಯಸ್ಸು 19ರಿಂದ 48. ವಾಕರ್ ಹಿಡಿದವರಿಲ್ಲ, ಕೈ ನಡುಗುವವರಿಲ್ಲ. ಹೇಳಿದ ಕೆಲಸವನ್ನು ಹೇಳಿದಾಗ ಮಾಡಿದವರು ಅವರು. ಮನೆಯಲ್ಲಿ ಅಮ್ಮ ಹಾಗೆ ಇರುತ್ತಾರಾ? ಅರ್ಧ ಎದ್ದು, ಮತ್ತೆ ಕೂತು, ಫೋನ್ ಹಿಡಿದೇ ಬಟ್ಟೆ ಮಡಚಿ, ನಡುವೆ ಕನ್ನಡಕ ಹುಡುಕುತ್ತಾರೆ. ಆ 20 ಕೆಲಸಗಳ ಪಟ್ಟಿಯಲ್ಲಿ ಕನ್ನಡಕ ಹುಡುಕುವುದು ಇರುವುದಿಲ್ಲ. ಆದರೂ ಬ್ಯಾಂಡ್ ಏನೋ ಒಂದು ಹೆಸರು ಕೊಡಲೇಬೇಕು. ಇದ್ದುದರಲ್ಲೇ ಹತ್ತಿರದ್ದು ಯಾವುದೋ ಅದನ್ನು ಕೊಟ್ಟುಬಿಡುತ್ತದೆ. ‘ಗೊತ್ತಿಲ್ಲ’ ಅನ್ನಲು ಕಲಿಸಿದ ಬ್ಯಾಂಡ್ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ.

ಇನ್ನೊಂದು ಒಳಗುಟ್ಟಿದೆ. ಚಲನೆಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಓದುತ್ತಾರೆ. ನಾನು ಮೇಲೆ ಹೇಳಿದ ಸಂಗ್ರಹದಲ್ಲಿ ಒಂದು ತುಂಡು 2.56 ಸೆಕೆಂಡ್, ಪ್ರತಿ ತುಂಡೂ ಹಿಂದಿನದರ ಅರ್ಧವನ್ನು ಹಂಚಿಕೊಂಡಿರುತ್ತದೆ. ಇಂಥ ತುಂಡುಗಳನ್ನು ಕಲಸಿ, ಸ್ವಲ್ಪವನ್ನು ಗುರುತಿಸುವ ಪ್ರೋಗ್ರಾಂಗೆ ಕಲಿಸಲು, ಸ್ವಲ್ಪವನ್ನು ಅದರ ಪರೀಕ್ಷೆಗೆ ಅಂತ ಬೇರೆ ಮಾಡಿದರೆ ಏನಾಗುತ್ತದೆ? ಒಬ್ಬರದೇ ನಡಿಗೆಯ ಅಕ್ಕಪಕ್ಕದ ತುಂಡುಗಳು ಎರಡೂ ಕಡೆ ಹೋಗುತ್ತವೆ. ಪ್ರಶ್ನೆಪತ್ರಿಕೆ ಮೊದಲೇ ನೋಡಿ ಪರೀಕ್ಷೆ ಬರೆದ ಹಾಗೆ. ಸರಿಯಾದ ಕ್ರಮ ಬೇರೆ. ಒಬ್ಬ ವ್ಯಕ್ತಿಯ ಡೇಟಾ ಪೂರ್ತಿ ಹೊರಗಿಟ್ಟು, ಉಳಿದವರಿಂದ ಕಲಿಸಿ, ಆಮೇಲೆ ಆ ಹೊರಗಿಟ್ಟವರ ಮೇಲೆ ಪರೀಕ್ಷೆ ಮಾಡಬೇಕು. ಹೀಗೆ ಮಾಡಿದಾಗ ಅಂಕ ಇಳಿಯುತ್ತದೆ. ಕೆಲವೊಮ್ಮೆ ಚೆನ್ನಾಗಿಯೇ ಇಳಿಯುತ್ತದೆ.

ಸರಿ, 98 ನಿಜ ಅಂತಲೇ ಇಟ್ಟುಕೊಳ್ಳೋಣ. 2.56 ಸೆಕೆಂಡಿನ ತುಂಡು, ಅರ್ಧರ್ಧ ಹಂಚಿಕೆ, ಅಂದರೆ ಪ್ರತಿ 1.28 ಸೆಕೆಂಡಿಗೆ ಒಂದು ತೀರ್ಪು. 24 ಗಂಟೆಯಲ್ಲಿ 67,500 ತೀರ್ಪು. ಅದರಲ್ಲಿ 2% ತಪ್ಪು ಅಂದರೆ ದಿನಕ್ಕೆ 1,350. ಅಕ್ಕಪಕ್ಕದ ತೀರ್ಪುಗಳನ್ನು ಹೋಲಿಸಿ ಬಹಳಷ್ಟು ತಪ್ಪು ಅಳಿಸುವ ಉಪಾಯಗಳಿವೆ, ಅಷ್ಟೂ ನಿಮ್ಮ ಫೋನಿಗೆ ಬರುವುದಿಲ್ಲ. ಆದರೆ 98 ಅನ್ನುವ ಸಂಖ್ಯೆ ಕೇಳಿದಾಗ ಮನಸ್ಸಿಗೆ ಬರುವ ನೆಮ್ಮದಿಗೂ 1,350ಕ್ಕೂ ಎಷ್ಟು ದೂರ ನೋಡಿ.

11 ಸುಳ್ಳು, ಒಂದು ನಿಜ

ಬೀಳುವುದನ್ನು ಬ್ಯಾಂಡ್ ಹೇಗೆ ಹಿಡಿಯುತ್ತದೆ? ಬೀಳುವ ಕ್ಷಣದಲ್ಲಿ ಮೈಗೆ ಆಧಾರ ತಪ್ಪುತ್ತದೆ, ಆ 1 ಜಿ ಸೊನ್ನೆಯ ಕಡೆಗೆ ಇಳಿಯುತ್ತದೆ. ಆಮೇಲೆ ನೆಲಕ್ಕೆ ಬಡಿದಾಗ ಥಟ್ಟನೆ ಹಲವು ಪಟ್ಟು ಏರುತ್ತದೆ. ಆಮೇಲೆ ನಿಶ್ಚಲ. ಇಳಿತ, ಏಟು, ಮೌನ. ಈ ಮೂರು ಒಂದರ ಹಿಂದೆ ಒಂದು ಬಂದರೆ ಅಲಾರಂ.

ಈಗ ಅಮ್ಮ ಸ್ನಾನಕ್ಕೆ ಮೊದಲು ಬ್ಯಾಂಡ್ ಬಿಚ್ಚಿ ಮೇಜಿನ ಮೇಲೆ ಹಾಕುವುದನ್ನು ಕಲ್ಪಿಸಿಕೊಳ್ಳಿ. ಕೈಯಿಂದ ಜಾರುತ್ತದೆ: ಇಳಿತ. ಟಪ್ ಅಂತ ಬೀಳುತ್ತದೆ: ಏಟು. ಅಲ್ಲೇ ಇರುತ್ತದೆ: ಮೌನ. ಇದಕ್ಕಿಂತ ಚೆಂದದ ಬೀಳುವಿಕೆ ಯಾವ ಪ್ರಯೋಗಾಲಯದಲ್ಲೂ ಸಿಗುವುದಿಲ್ಲ. ನಿಮ್ಮ 11 ಅಲಾರಂಗಳ ಸಮಯ ಆ್ಯಪ್‌ನಲ್ಲಿ ಇರುತ್ತದೆ, ಒಮ್ಮೆ ನೋಡಿ. ಎಷ್ಟು ಸ್ನಾನದ ಹೊತ್ತಿಗೆ ಬಂದಿವೆ? ನನ್ನ ಊಹೆ, ಅರ್ಧಕ್ಕಿಂತ ಕಡಿಮೆ ಇರಲಿಕ್ಕಿಲ್ಲ. ಉಳಿದವು ಕುರ್ಚಿಯಲ್ಲಿ ದೊಪ್ಪನೆ ಕೂತದ್ದು, ಬಾಗಿಲು ಜೋರಾಗಿ ತಳ್ಳಿದ್ದು, ಹಾಸಿಗೆ ಕೊಡವಿದ್ದು ಇರಬಹುದು. ಒಬ್ಬರ ಮನೆಯಲ್ಲಿ ಬ್ಯಾಂಡ್ ಬಿಚ್ಚಿ ಓಡುತ್ತಿರುವ ವಾಷಿಂಗ್ ಮೆಷಿನ್ ಮೇಲೆ ಇಟ್ಟಿದ್ದರು. ಆವತ್ತು ಆ 80 ದಾಟಿದ ಹಿರಿಯರು ಇಪ್ಪತ್ತು ನಿಮಿಷ ಬಿರುಸಾದ ವ್ಯಾಯಾಮ ಮಾಡಿದರು ಅಂತ ವರದಿ ಬಂತು.

ನಿಜವಾಗಿ ಜಾರಿದ ದಿನ ಯಾಕೆ ಹಿಡಿಯಲಿಲ್ಲ? ಯಾಕೆಂದರೆ ಮಂಚದ ಅಂಚಿನಿಂದ ಜಾರುವಾಗ ಇಳಿತವೂ ಇಲ್ಲ, ಏಟೂ ಇಲ್ಲ. ಹಾಸಿಗೆ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಬಂದಿದ್ದಾರೆ. ಹಿರಿಯರು ಬೀಳುವುದು ಎಷ್ಟೋ ಸಲ ಹೀಗೇ, ಗೋಡೆ ಹಿಡಿದು, ಮೊಣಕಾಲು ಮಡಚಿ, ಕುಸಿದ ಹಾಗೆ. ಆದರೆ ಬ್ಯಾಂಡ್‌ಗೆ ಬೀಳುವುದನ್ನು ಕಲಿಸಿದ್ದು ಯಾರು? ಬಹುತೇಕ ಚಾಪೆ ಮೇಲೆ ಬೇಕಂತಲೇ ಬಿದ್ದು ತೋರಿಸಿದ ಯುವಕರು. ಹಿರಿಯರನ್ನು ಬೀಳಿ ಅಂತ ಹೇಳಲಾಗುವುದಿಲ್ಲವಲ್ಲ. 2017ರಲ್ಲಿ ಬಂದ ಸಿಸ್‌ಫಾಲ್ ಅನ್ನುವ ಹೆಸರಾಂತ ಸಂಗ್ರಹದಲ್ಲಿ 38 ಜನ ಇದ್ದಾರೆ, ಅದರಲ್ಲಿ 15 ಹಿರಿಯರು. ಹಿರಿಯರ ಪೈಕಿ ಬಿದ್ದು ತೋರಿಸಿದವರು ಒಬ್ಬರೇ, ಅವರೂ ಜೂಡೊ ಪಳಗಿದವರು! 2012ರ ಒಂದು ಅಧ್ಯಯನದಲ್ಲಿ ಪ್ರಯೋಗಾಲಯದಲ್ಲಿ ಒಳ್ಳೇ ಅಂಕ ತೆಗೆದಿದ್ದ 13 ವಿಧಾನಗಳನ್ನು 29 ನಿಜವಾದ ಬೀಳುವಿಕೆಗಳ ಮೇಲೆ ಪರೀಕ್ಷಿಸಿದರು. ಸರಾಸರಿ 57% ಮಾತ್ರ ಹಿಡಿದವು. ಆಮೇಲೆ ತಂತ್ರಜ್ಞಾನ ಸುಧಾರಿಸಿದೆ, ಒಪ್ಪುತ್ತೇನೆ. ಮೆಲ್ಲಗೆ ಜಾರುವುದು ಮಾತ್ರ ಇಂದಿಗೂ ಕಷ್ಟವೇ.

ಕೆಲವು ಬ್ಯಾಂಡ್‌ಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ, ಎತ್ತರ ಇಳಿದರೆ ಅದಕ್ಕೆ ತಿಳಿಯುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಒಂದು ಮೀಟರ್ ಇಳಿದರೆ ಒತ್ತಡ ಬದಲಾಗುವುದು ಸುಮಾರು 12 ಪಾಸ್ಕಲ್, ಮಂಚದಿಂದ ನೆಲಕ್ಕೆ ಅದರ ಅರ್ಧ. ಒಂದು ಬಾಗಿಲು ಧಡ್ ಅಂತ ಮುಚ್ಚಿದರೂ ಆ ಸೆನ್ಸರ್ ಬೆಚ್ಚುತ್ತದೆ. ಜೊತೆಗಿದ್ದರೆ ಒಳ್ಳೆಯದು, ಅದೊಂದನ್ನೇ ನಂಬುವ ಹಾಗಿಲ್ಲ.

ವಾಕರ್ ವಿಷಯ ಸುಲಭ. ಹೆಜ್ಜೆ ಎಣಿಸುವುದು ಕೈ ಬೀಸುವುದರಿಂದ. ವಾಕರ್ ಹಿಡಿದ ಕೈ ಬೀಸುವುದಿಲ್ಲ. ಕಣಕಾಲಿಗೆ ಅಥವಾ ಸೊಂಟಕ್ಕೆ ಕಟ್ಟಿದರೆ ಲೆಕ್ಕ ಸಿಗುತ್ತದೆ, ತುಂಬ ನಿಧಾನ ನಡಿಗೆಯಾದರೆ ಅಲ್ಲೂ ಸ್ವಲ್ಪ ತಪ್ಪುತ್ತದೆ. ಊಟದ ಸಂದೇಶಕ್ಕೆ ಕಾರಣ ನೀವೇ ಬರೆದಿದ್ದೀರಿ: ಬ್ಯಾಂಡ್ ಇರುವುದು ಎಡಗೈಯಲ್ಲಿ. ಅಮ್ಮ ಬಲಗೈಯಲ್ಲಿ ಊಟ ಮಾಡುವವರಾದರೆ ಎಡಗೈಗೆ ಊಟ ಗೊತ್ತೇ ಇಲ್ಲ. ಹಲ್ಲುಜ್ಜುವುದೂ ಗೊತ್ತಿಲ್ಲ. ಬಲಗೈಗೆ ಬದಲಾಯಿಸಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಒಗ್ಗದ ಕೈಗೆ ಕಟ್ಟಿದ್ದನ್ನು ಅವರು ಬಿಚ್ಚಿಡುತ್ತಾರೆ. ಬಿಚ್ಚಿಟ್ಟ ಬ್ಯಾಂಡ್‌ಗಿಂತ ಎಡಗೈಯ ಬ್ಯಾಂಡ್ ಮೇಲು.

ಅರ್ಥ ಇರುವುದು ವಸ್ತುಗಳಲ್ಲಿ

ಅಡುಗೆ ಅಂದರೇನು? ಕೈ ಸುತ್ತುವುದಂತೂ ಅಲ್ಲ. ಪಾತ್ರೆಯಲ್ಲಿ ಸೌಟು ತಿರುಗಿಸಿದರೂ ಕೈ ಸುತ್ತುತ್ತದೆ, ಮೇಜು ಒರೆಸಿದರೂ ಸುತ್ತುತ್ತದೆ. ಎದುರಿಗೆ ಏನಿತ್ತು ಅನ್ನುವುದರ ಮೇಲೆ ಅದರ ಹೆಸರು. ಅದಕ್ಕೇ ಈ ಕೆಲಸ ಬ್ಯಾಂಡ್ ಒಂದರಿಂದ ಆಗುವಂಥದ್ದಲ್ಲ, ಮನೆಯೂ ಸ್ವಲ್ಪ ಮಾತಾಡಬೇಕು.

ಇದಕ್ಕೆ ದೊಡ್ಡ ಯಂತ್ರಗಳೇನೂ ಬೇಡ. ಫ್ರಿಜ್ ಬಾಗಿಲಿಗೆ, ಮುಂಬಾಗಿಲಿಗೆ ತೆರೆದದ್ದು ಮುಚ್ಚಿದ್ದು ಹೇಳುವ ಸಣ್ಣ ಆಯಸ್ಕಾಂತದ ಸ್ವಿಚ್. ಅಡುಗೆಮನೆ, ಬಚ್ಚಲು, ಮಲಗುವ ಕೋಣೆಯಲ್ಲಿ ಒಂದೊಂದು ಚಲನೆ ಗುರುತಿಸುವ ಸೆನ್ಸರ್. ಒಲೆಯ ಹತ್ತಿರ ಬಿಸಿ ಅಳೆಯುವುದೊಂದು. ಹಾಸಿಗೆ ಕೆಳಗೆ ಒತ್ತಡದ ಪಟ್ಟಿ. ಈಗ ಅಡುಗೆಮನೆಯಲ್ಲಿ ಯಾರೋ ಇದ್ದಾರೆ, ಫ್ರಿಜ್ ತೆರೆದಿದೆ, ಒಲೆ ಬಿಸಿಯಾಗುತ್ತಿದೆ, ಕೈ ಆಡುತ್ತಿದೆ. ಅಡುಗೆ ಅಂತ ಹೇಳಲು ಜಾಣತನವೇ ಬೇಡ. ಬಹುತೇಕ ಇಂಥ ಮನೆ ಸೆನ್ಸರ್‌ಗಳಿಂದಲೇ ದಿನಚರಿ ಓದುವ ಕೆಲಸವನ್ನು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಡಯಾನ್ ಕುಕ್ ಅವರ ತಂಡ ಹಲವು ವರ್ಷಗಳಿಂದ ಮಾಡುತ್ತಾ ಬಂದಿದೆ.

ಮನೆಯ ಸೆನ್ಸರ್‌ಗಳಿಗೂ ಒಂದು ಕುರುಡು ಇದೆ. ಯಾರೋ ಇದ್ದಾರೆ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ. ನೆಂಟರು ಬಂದ ದಿನ, ಕೆಲಸದವರು ಬಂದ ಹೊತ್ತು, ಎಲ್ಲ ಅಮ್ಮನ ಲೆಕ್ಕಕ್ಕೇ ಸೇರುತ್ತದೆ. ಬ್ಯಾಂಡ್‌ನ ನಿಜವಾದ ಬೆಲೆ ಇಲ್ಲಿದೆ. ಅಡುಗೆಮನೆಯಲ್ಲಿ ಚಲನೆ ಕಂಡ ಹೊತ್ತಿಗೆ ಅಮ್ಮನ ಕೈಯೂ ಆಡುತ್ತಿದ್ದರೆ ಅದು ಅವರು. ಕೈ ಸುಮ್ಮನಿದ್ದರೆ ಬಹುಶಃ ಬೇರೆ ಯಾರೋ.

ಇಲ್ಲೊಂದು ಸಣ್ಣ ವಿಷಯಕ್ಕೆ ನಾನು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ. ಒಂದು ಮನೆಯ ಡೇಟಾದಲ್ಲಿ ಅಜ್ಜಿ ದಿನವೂ ಮೊದಲು ಊಟ ಮಾಡಿ, ಆಮೇಲೆ ಫ್ರಿಜ್ ತೆರೆದು, ಆಮೇಲೆ ಒಲೆ ಹಚ್ಚುತ್ತಿದ್ದರು! ಅಜ್ಜಿ ಸರಿಯಾಗಿಯೇ ಇದ್ದರು. ಬ್ಯಾಂಡ್‌ನ ಗಡಿಯಾರ ಮನೆಯ ಹಬ್‌ಗಿಂತ (ಮನೆಯ ಸೆನ್ಸರ್‌ಗಳ ಡೇಟಾ ಸೇರುವ ಪೆಟ್ಟಿಗೆ) ಒಂದು ಗಂಟೆ ಹಿಂದಿತ್ತು. ನೀವೂ ಎರಡನ್ನು ಸೇರಿಸುವುದಾದರೆ ಮೊದಲು ಸಮಯ ಹೊಂದಿಸಿ. ಇನ್ನು ಬ್ಲೂಟೂತ್ ನೋಡಿ ಯಾವ ಕೋಣೆ ಅಂತ ಹೇಳುವ ವ್ಯವಸ್ಥೆ ಮಾರಿದರೆ ಅದನ್ನು ಪೂರ್ತಿ ನಂಬಬೇಡಿ. ಆ ಅಲೆಗಳನ್ನು ಮೈಯಲ್ಲಿರುವ ನೀರು ಹೀರುತ್ತದೆ, ಅಮ್ಮ ಬೆನ್ನು ತಿರುಗಿಸಿ ಮಲಗಿದರೆ ಪಕ್ಕದ ಕೋಣೆಗೆ ಹೋದ ಹಾಗೆ ಕಾಣಬಹುದು.

ನಿಮಗೆ ಬೇಕಾಗಿರುವುದು ಏನು?

1963ರಲ್ಲಿ ಸಿಡ್ನಿ ಕಾಟ್ಜ್ ಅನ್ನುವ ವೈದ್ಯರು ಮತ್ತು ಅವರ ಸಂಗಡಿಗರು ಒಬ್ಬರು ಸ್ವಂತವಾಗಿ ಬದುಕಬಲ್ಲರೇ ಅಂತ ಅಳೆಯಲು ಆರು ಕೆಲಸ ಪಟ್ಟಿ ಮಾಡಿದ್ದರು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚ, ಮಂಚ ಕುರ್ಚಿಗಳಿಂದ ಏಳುವುದು, ಮಲಮೂತ್ರ ಹಿಡಿತ, ಊಟ. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಇನ್ನೊಂದು ಪಟ್ಟಿ ಕೊಟ್ಟರು. ಅದರಲ್ಲಿ ಅಡುಗೆ, ಮಾತ್ರೆ, ಫೋನ್, ಹಣಕಾಸು ಇಂಥವು. ಸೆನ್ಸರ್ ಮಾರುವವರ ‘20 ಕೆಲಸ’ಗಳಲ್ಲಿ ಎಷ್ಟು ಈ ಪಟ್ಟಿಗಳಲ್ಲಿ ಇವೆ ಅಂತ ನೋಡಿ. ಜಾಗಿಂಗ್, ಸೈಕಲ್, ಮೆಟ್ಟಿಲು ಇದ್ದರೆ ಅದು ಅಮ್ಮನಿಗಾಗಿ ಮಾಡಿದ್ದಲ್ಲ.

ನೀವು ಬರೆದ ಚಿಂತೆಗಳು ಮೂರು. ಒಲೆ, ಮಾತ್ರೆ, ಬೀಳುವುದು. ಮೊದಲೆರಡಕ್ಕೆ ಬ್ಯಾಂಡ್ ಬೇಡವೇ ಬೇಡ. ಒಲೆ ಹೊತ್ತಿದೆ ಅಂತ ಇನ್ನೊಂದು ಊರಿನಲ್ಲಿರುವ ನಿಮಗೆ ಗೊತ್ತಾಗಿ ಏನು ಪ್ರಯೋಜನ? ನಿಗದಿತ ಹೊತ್ತು ಮೀರಿದರೆ ಒಲೆಯನ್ನು ತಾನೇ ಆರಿಸುವ ಸಾಧನ ಹಾಕಿಸಿ. ಹೊತ್ತಿಗೆ ಸರಿಯಾಗಿ ಒಂದೇ ಖಾನೆ ತೆರೆದು ಉಳಿದದ್ದಕ್ಕೆ ಬೀಗ ಹಾಕುವ ಮಾತ್ರೆ ಡಬ್ಬಿ ಸಿಗುತ್ತದೆ. ಖಾನೆ ತುಂಬಲು ವಾರಕ್ಕೊಮ್ಮೆ ಒಬ್ಬರು ಬೇಕು, ಅದೊಂದೇ ತೊಡಕು. ಯಾವ ಮಾತ್ರೆ ಎಷ್ಟು ಹೊತ್ತಿಗೆ ಅನ್ನುವುದನ್ನು ಮಾತ್ರ ವೈದ್ಯರಲ್ಲಿ ಕೇಳಿಯೇ ತುಂಬಿಸಿ.

ಉಳಿದದ್ದು ಬೀಳುವುದು. ಇಲ್ಲಿ ‘ಬಿದ್ದರಾ’ ಅನ್ನುವ ಪ್ರಶ್ನೆ ಬಿಟ್ಟು ‘ಇಷ್ಟು ಹೊತ್ತಿಗೆ ಆಗಬೇಕಾದ್ದು ಆಗಲಿಲ್ಲವಾ’ ಅಂತ ಕೇಳಿ ನೋಡಿ. ಅಮ್ಮ ದಿನಾ ಬೆಳಗ್ಗೆ 7ರೊಳಗೆ ಅಡುಗೆಮನೆಗೆ ಬರುತ್ತಾರೆ ಅನ್ನಿ. 7.45 ಆದರೂ ಅಲ್ಲಿ ಚಲನೆಯಿಲ್ಲ, ಹಾಸಿಗೆಯೂ ಖಾಲಿ. ಅವರು ಹೇಗೆ ಬಿದ್ದರು, ಜಾರಿದರಾ, ಕುಸಿದರಾ ಅನ್ನುವುದೆಲ್ಲ ಬೇಕಾಗಿಲ್ಲ. ಫೋನ್ ಮಾಡಲು ಇಷ್ಟು ಸಾಕು. ಮಂಚದಿಂದ ಜಾರಿದ ದಿನ ಈ ನಿಯಮ ಇದ್ದಿದ್ದರೆ ಬಹುಶಃ ಸಿಕ್ಕಿಬೀಳುತ್ತಿತ್ತು. ತಡವಾಗಿ ಸಿಗುತ್ತದೆ ಅನ್ನುವುದು ಇದರ ದೋಷ. ಆದರೆ ನೆಲದ ಮೇಲೆ ಮುಕ್ಕಾಲು ಗಂಟೆ ಇರುವುದಕ್ಕೂ ಸಂಜೆಯವರೆಗೆ ಇರುವುದಕ್ಕೂ ಬಹಳ ವ್ಯತ್ಯಾಸವಿದೆ.

ಈ ದಾರಿ ಹಿಡಿದರೆ ಮೊದಲ ಎರಡು ಮೂರು ವಾರ ಅಲಾರಂ ಬಂದ್ ಮಾಡಿ, ಅಮ್ಮನ ದಿನಚರಿ ಮಾತ್ರ ಗಮನಿಸಿ. ಬೇರೆಯವರ ಸರಾಸರಿ ಜೊತೆ ಹೋಲಿಸಬೇಡಿ. ಅವರು ರಾತ್ರಿ ಎರಡು ಸಲ ಏಳುವವರಾದರೆ ಅದು ಅವರ ಸಹಜ. ಎರಡು ಐದಾದರೆ ಅದು ಸುದ್ದಿ, ವೈದ್ಯರಿಗೆ ಹೇಳಬೇಕಾದ್ದು. ಕಾರಣ ಏನು ಅಂತ ಸೆನ್ಸರ್ ಹೇಳುವುದಿಲ್ಲ, ಮರೆವಿನ ಕಾಯಿಲೆ ಪತ್ತೆಮಾಡುವ ಬ್ಯಾಂಡ್ ಅಂತ ಯಾರಾದರೂ ಮಾರಿದರೆ ದೂರ ಇರಿ.

ಹಾಗಾದರೆ ಬ್ಯಾಂಡ್? ಇಟ್ಟುಕೊಳ್ಳಿ, ಆದರೆ ಅದರಿಂದ ಕಡಿಮೆ ಕೇಳಿ. ಊಟ, ಹಲ್ಲುಜ್ಜುವುದು ಇವುಗಳ ಸಂದೇಶ ಆರಿಸಿಬಿಡಿ. ಬೀಳುವ ಅಲಾರಂ ಇರಲಿ, ಆದರೆ ನಿಮಗೆ ಬರುವ ಮೊದಲು ಬ್ಯಾಂಡ್ ಅವರ ಕೈಯಲ್ಲಿ ಕಂಪಿಸಿ ಅರ್ಧ ನಿಮಿಷ ಕಾಯುವ ಹಾಗೆ ಇಡಿ. ಅಷ್ಟರಲ್ಲಿ ಅವರು ಒತ್ತಿ ರದ್ದು ಮಾಡಬಹುದು. ಚರ್ಮಕ್ಕೆ ತಾಗಿಲ್ಲ ಅಂತ ಗುರುತಿಸುವ ಬ್ಯಾಂಡ್ ಆದರೆ ಇನ್ನೂ ಒಳ್ಳೆಯದು, ಮೇಜಿನ ಮೇಲೆ ಬಿದ್ದದ್ದಕ್ಕೆ ಅಲಾರಂ ಬರುವುದಿಲ್ಲ. ಸಹಾಯಕ್ಕೆ ಒತ್ತುವ ಗುಂಡಿ ಇದ್ದರೆ ಅದನ್ನೇ ನೆಚ್ಚಬೇಡಿ. ಗಾಬರಿಯಲ್ಲಿ, ಅದೂ ಮರೆವು ಇರುವವರು, ಕೈಯಲ್ಲಿ ಗುಂಡಿ ಇದೆ ಅನ್ನುವುದನ್ನೇ ಮರೆಯುತ್ತಾರೆ.

ಸ್ನಾನಕ್ಕೆ ಬಿಚ್ಚಿಡುವುದೇ ನಿಮ್ಮ ವ್ಯವಸ್ಥೆಯ ದೊಡ್ಡ ತೂತು. ಒದ್ದೆ ನೆಲ, ಬರಿಗಾಲು, ಬ್ಯಾಂಡ್ ಹೊರಗೆ. ನೀರು ತಡೆಯುವ ಬ್ಯಾಂಡ್ ಆದರೂ ಗಡಿಯಾರ ಬಿಚ್ಚಿಡುವ ಅರವತ್ತು ವರ್ಷದ ಅಭ್ಯಾಸ ಹೋಗುವುದಿಲ್ಲ. ಬಚ್ಚಲಿಗೆ ಒಳಗೊಂದು ಚಲನೆ ಸೆನ್ಸರ್, ಬಾಗಿಲಿಗೊಂದು ಸ್ವಿಚ್ ಹಾಕಿ. ಒಳಗೆ ಹೋಗಿ ಅವರ ಮಾಮೂಲಿ ಹೊತ್ತಿಗಿಂತ ಜಾಸ್ತಿಯಾದರೆ ಕರೆ ಬರಲಿ. ಅದಕ್ಕಿಂತ ಮೊದಲು ಹಿಡಿಕೆ ಮತ್ತು ಜಾರದ ಚಾಪೆ ಹಾಕಿಸಿ. ಯಾವ ಸೆನ್ಸರೂ ಬೀಳುವುದನ್ನು ತಡೆಯುವುದಿಲ್ಲ.

ಕ್ಯಾಮೆರಾ ಬಗ್ಗೆ ನಾನು ಅಮ್ಮನ ಪರ. ಅದು ಜಾಸ್ತಿ ನೋಡುತ್ತದೆ ನಿಜ. ಆದರೆ ಬಚ್ಚಲಿನಲ್ಲಿ, ಮಲಗುವ ಕೋಣೆಯಲ್ಲಿ ಹಾಕಲಾಗುವುದಿಲ್ಲ, ಅಲ್ವಾ? ಬೇಡ ಅಂದ ಮೇಲೂ ಹಾಕಿದರೆ ಅದರ ಮೇಲೆ ಟವೆಲ್ ಬೀಳುತ್ತದೆ, ನಾನು ಕಂಡಿದ್ದೇನೆ. ಚಿತ್ರ ತೆಗೆಯದೆ ರೇಡಿಯೊ ಅಲೆಗಳಿಂದ ಚಲನೆ ಗುರುತಿಸುವ ರೇಡಾರ್ ಸಾಧನಗಳಿವೆ, ಕೆಲವು ನೆಲದ ಮೇಲೆ ಬಿದ್ದವರನ್ನೂ ಗುರುತಿಸುತ್ತವೆ. ಕೋಣೆಗೊಂದು ಬೇಕು, ತಿರುಗುವ ಫ್ಯಾನ್, ಅಲ್ಲಾಡುವ ಪರದೆ ನೋಡಿ ತಬ್ಬಿಬ್ಬಾಗುವುದೂ ಉಂಟು. ಅಮ್ಮ ಒಪ್ಪಿದರೆ ಒಂದು ಕೋಣೆಯಲ್ಲಿ ಪ್ರಯತ್ನಿಸಬಹುದು.

ಕದ್ದು ಕೇಳುವ ಅನುಮಾನಕ್ಕೆ ನೇರ ಉತ್ತರ: ಅಕ್ಸೆಲೆರೊಮೀಟರ್ ಮಾತು ಕೇಳಿಸಿಕೊಳ್ಳಲು ಇಟ್ಟದ್ದಲ್ಲ, ಸೆಕೆಂಡಿಗೆ 50 ಅಳತೆಯಲ್ಲಿ ಮಾತು ಹಿಡಿಯಲೂ ಆಗುವುದಿಲ್ಲ. ಆದರೆ ಬ್ಯಾಂಡ್‌ನಿಂದಲೇ ಕರೆ ಮಾಡಬಹುದಾದರೆ ಅದರಲ್ಲಿ ಮೈಕ್ ಇದೆ. ಇದ್ದರೆ ಇದೆ ಅಂತ ಅವರಿಗೆ ಹೇಳಿ, ಸುಮ್ನೆ ಸಮಾಧಾನ ಮಾಡಬೇಡಿ. ಚಲನೆಯ ಡೇಟಾ ಕೂಡ ಖಾಸಗಿಯೇ. ಯಾವಾಗ ಎದ್ದರು, ಎಷ್ಟು ಸಲ ಬಚ್ಚಲಿಗೆ ಹೋದರು ಅನ್ನುವುದು ಯಾವುದೋ ಸರ್ವರ್‌ನಲ್ಲಿ ಇರುತ್ತದೆ. ಯಾರು ನೋಡುತ್ತಾರೆ, ಬೇಕೆಂದಾಗ ಅಳಿಸಬಹುದಾ ಅಂತ ಕಂಪನಿಯವರನ್ನು ಬರವಣಿಗೆಯಲ್ಲಿ ಕೇಳಿ.

ಅವರನ್ನೇ ಇನ್ನೂ ಕೆಲವು ಕೇಳಬಹುದು. 70 ದಾಟಿದ ಎಷ್ಟು ಜನರ ಮೇಲೆ ಪರೀಕ್ಷೆ ಮಾಡಿದ್ದೀರಿ? ಪರೀಕ್ಷೆಗೆ ಕೂತವರ ಡೇಟಾವನ್ನು ಕಲಿಸುವಾಗ ಹೊರಗಿಟ್ಟಿದ್ದಿರಾ? ನಿಜವಾದ ಮನೆಯಲ್ಲಿ ಒಬ್ಬರಿಗೆ ವಾರಕ್ಕೆ ಎಷ್ಟು ಸುಳ್ಳು ಅಲಾರಂ? ಕೊನೆಯ ಪ್ರಶ್ನೆಗೆ ಸಂಖ್ಯೆ ಸಿಕ್ಕರೆ ಅವರು ಕೆಲಸ ಗೊತ್ತಿರುವವರು. ಮತ್ತೆ ‘98%’ ಅಂತಲೇ ಬಂದರೆ ಫೋನ್ ಇಟ್ಟುಬಿಡಿ.

ಬ್ಯಾಂಡ್ ಚಾರ್ಜ್ ಮಾಡುವ ಹೊತ್ತನ್ನೂ ನಿಗದಿ ಮಾಡಿ. ಬಹಳ ಜನ ಮಲಗುವಾಗ ಚಾರ್ಜಿಗೆ ಹಾಕುತ್ತಾರೆ, ಆಮೇಲೆ ಮಧ್ಯರಾತ್ರಿ ಬಚ್ಚಲಿಗೆ ಬರಿಗೈಯಲ್ಲಿ ಹೋಗುತ್ತಾರೆ. ಅವರು ಸಂಜೆ ಟಿವಿ ಮುಂದೆ ಕೂರುವ ಹೊತ್ತೇ ವಾಸಿ.

ಇನ್ನೊಂದು ಕೇಳಬೇಕಿತ್ತು. 11 ಅಲಾರಂ ಬಂದಾಗ ನೀವೇನು ಮಾಡಿದಿರಿ ಅಂತ ಪತ್ರದಲ್ಲಿಲ್ಲ. ಮೊದಲ ಸಲ ಓಡಿ ಯಾರನ್ನೋ ಕಳಿಸಿರುತ್ತೀರಿ. ಒಂಬತ್ತನೆಯ ಸಲ? ಅಮ್ಮ ಫೋನ್ ಎತ್ತದಿದ್ದರೆ ಹತ್ತು ನಿಮಿಷದಲ್ಲಿ ಅಲ್ಲಿಗೆ ಹೋಗಬಲ್ಲವರು ಯಾರು, ಮತ್ತು ಬಾಗಿಲು ಒಳಗಿನಿಂದ ಹಾಕಿದ್ದರೆ ಅವರ ಹತ್ತಿರ ಕೀಲಿ ಇದೆಯಾ? ಇಲ್ಲದಿದ್ದರೆ ಮುಂದಿನ ಸಲ ಹೋದಾಗ ಬ್ಯಾಂಡ್ ಸೆಟ್ಟಿಂಗ್ ಮುಟ್ಟುವ ಮೊದಲು ಒಂದು ಕೀಲಿ ಮಾಡಿಸಿ ಪಕ್ಕದ ಮನೆಯಲ್ಲಿ ಕೊಟ್ಟು ಬನ್ನಿ.